ಪ್ರತಿ ಕಂಡೆನ್ಸರ್‌ಗೂ ತನ್ನದೇ ಕಾಲು ಬೇಕು

ಯಂತ್ರಕೋಣೆ: ಓದುಗರ ಪ್ರಶ್ನೆಗಳಿಗೆ ಉತ್ತರ

ವಿಜಯಪುರ ಜಿಲ್ಲೆಯ ಶೆಡ್‌ಗಳಲ್ಲಿ ದ್ರಾಕ್ಷಿ ಒಣಗಿ ಶೈತ್ಯಾಗಾರಗಳಿಗೆ ಬಂದು ಬೀಳುವುದೂ, ಬಿಸಿಲು 40 ಡಿಗ್ರಿ ದಾಟುವುದೂ ಹೆಚ್ಚು ಕಡಿಮೆ ಒಂದೇ ಹೊತ್ತಿಗೆ. ಆದ್ದರಿಂದ ಈ ಅಂಕಣಕ್ಕೆ ಬರುವ ಪತ್ರಗಳಿಗೂ ಒಂದು ಸುಗ್ಗಿ ಇದೆ. ಈ ಸಲ ಮೂರು ಊರುಗಳಿಂದ ಒಂದೇ ದೂರು ಬಂದಿದೆ: ಯಂತ್ರದ ಒತ್ತಡ ಇಳಿಯುತ್ತಿಲ್ಲ. ಅವುಗಳಲ್ಲಿ ಕೊಳವೆಯ ಚಿತ್ರವನ್ನೂ ಬರೆದು ಕಳಿಸಿದವರು ಒಬ್ಬರೇ. ಆ ಚಿತ್ರ ಇಲ್ಲದಿದ್ದರೆ ನಾನು ಇಷ್ಟು ಖಚಿತವಾಗಿ ಬರೆಯುತ್ತಿರಲಿಲ್ಲ. ಅವರ ಪತ್ರವನ್ನೇ ಮೊದಲು ತೆಗೆದುಕೊಳ್ಳುತ್ತೇನೆ.

ಪ್ರಶ್ನೆ: ನಮ್ಮದು ತಿಕೋಟಾ ಕಡೆಯ ಒಣದ್ರಾಕ್ಷಿ ಶೈತ್ಯಾಗಾರ, ಅಮೋನಿಯ ಯಂತ್ರ. ಚಾವಣಿಯ ಮೇಲೆ ಹಳೆಯ ಇವಾಪೊರೇಟಿವ್ ಕಂಡೆನ್ಸರ್ (ನೀರು ಸುರಿಸಿ, ಫ್ಯಾನ್ ಬೀಸಿ ಬಿಸಿ ಅನಿಲವನ್ನು ದ್ರವ ಮಾಡುವ ಯಂತ್ರ) ಒಂದಿತ್ತು. ಹೋದ ವರ್ಷ ಎರಡು ಕೋಣೆ ಹೆಚ್ಚಿಸಿದಾಗ ಅದರ ಪಕ್ಕದಲ್ಲೇ ಹೊಸದೊಂದನ್ನು ಕೂರಿಸಿದೆವು. ಹೊಸದು ಹಳೆಯದಕ್ಕಿಂತ ದೊಡ್ಡದು. ಆದರೂ ಮಧ್ಯಾಹ್ನ ಹೆಡ್ ಪ್ರೆಶರ್ (ಕಂಡೆನ್ಸರ್ ಕಡೆಯ ಒತ್ತಡ) ಚದರ ಅಂಗುಲಕ್ಕೆ 215 ಪೌಂಡ್ ಮುಟ್ಟುತ್ತದೆ. ಆಗ ದ್ರವ ಕೂಡಿಡುವ ರಿಸೀವರ್‌ನ ಗಾಜಿನಲ್ಲಿ ದ್ರವವೇ ಕಾಣಿಸುವುದಿಲ್ಲ, ಕೋಣೆಗಳು ತಣಿಯುವುದಿಲ್ಲ. ಗ್ಯಾಸ್ ಕಡಿಮೆಯಾಗಿದೆ ಎಂದು ಎರಡು ಸಲ ಸಿಲಿಂಡರ್ ತರಿಸಿ ತುಂಬಿದೆವು. ರಾತ್ರಿ ಎರಡು ಗಂಟೆಗೆ ನೋಡಿದರೆ ಅದೇ ರಿಸೀವರ್ ಮುಕ್ಕಾಲಿಗಿಂತ ಹೆಚ್ಚು ತುಂಬಿರುತ್ತದೆ. ಕೆಲಸ ಮಾಡಿಕೊಟ್ಟವರು ಮೂರನೆಯ ಕಂಡೆನ್ಸರ್ ಹಾಕಬೇಕು ಎನ್ನುತ್ತಾರೆ. ಸಾಲ ಮಾಡಿ ಹಾಕಲೇ?

ಉತ್ತರ: ಹಾಕಬೇಡಿ. ಇನ್ನೊಂದು ಸಿಲಿಂಡರ್ ಅಮೋನಿಯವನ್ನೂ ತುಂಬಬೇಡಿ. ನಿಮ್ಮ ಕಂಡೆನ್ಸರ್‌ಗಳಲ್ಲಿ ದೋಷವಿಲ್ಲ, ಅವುಗಳ ಕೆಳಗಿನ ಕೊಳವೆಯಲ್ಲಿದೆ.

ನೀವು ಕಳಿಸಿದ ಚಿತ್ರದಲ್ಲಿ ಎರಡೂ ಕಂಡೆನ್ಸರ್‌ಗಳ ಬಾಯಿಂದ ಹೊರಟ ದ್ರವದ ಕೊಳವೆಗಳು ಆರೇ ಅಂಗುಲ ಕೆಳಗಿಳಿದು ಒಂದು ಟೀಯಲ್ಲಿ, ಅಂದರೆ ಮೂರು ಬಾಯಿಯ ಜೋಡಣೆಯಲ್ಲಿ, ಕೂಡಿಕೊಂಡಿವೆ. ಅಲ್ಲಿಂದ ಒಂದೇ ಕೊಳವೆ ಚಾವಣಿಯ ಅಂಚಿನವರೆಗೆ ಹೋಗಿ, 14 ಅಡಿ ಇಳಿದು, ಯಂತ್ರಕೋಣೆಯ ರಿಸೀವರ್ ಸೇರಿದೆ. ನೋಡಲು ಅಚ್ಚುಕಟ್ಟಾಗಿದೆ, ಕಬ್ಬಿಣವೂ ಉಳಿದಿದೆ. ಒಂದೇ ಕಂಡೆನ್ಸರ್ ಇದ್ದಾಗ ಇದು ಸರಿಯಾಗಿಯೇ ನಡೆಯುತ್ತಿತ್ತು. ಎರಡನೆಯದು ಬಂದ ದಿನದಿಂದ ಆ ಟೀ ನಿಮ್ಮ ಯಂತ್ರದ ಕುತ್ತಿಗೆ ಹಿಡಿದಿದೆ.

ಕಾರಣ ಹೇಳುತ್ತೇನೆ. ಕಂಪ್ರೆಸರ್‌ನಿಂದ ಬಂದ ಬಿಸಿ ಅನಿಲ ಕಂಡೆನ್ಸರ್‌ನ ಸುರುಳಿಯ ಮೇಲಿನ ಬಾಯಿಯಿಂದ ಒಳಹೊಕ್ಕು, ದ್ರವವಾಗಿ ಕೆಳಗಿನ ಬಾಯಿಂದ ಬರುತ್ತದೆ. ಈ ದಾರಿಯಲ್ಲಿ ಅದು ಒಂದಿಷ್ಟು ಒತ್ತಡವನ್ನು ಕಳೆದುಕೊಳ್ಳುತ್ತದೆ. ಆ ನಷ್ಟ ತೀರ ಸಣ್ಣದು. ಕಾಲು ಪೌಂಡ್, ಅರ್ಧ ಪೌಂಡ್, ಹೆಚ್ಚೆಂದರೆ ಒಂದು ಪೌಂಡ್. 200 ಪೌಂಡ್ ತೋರಿಸುವ ಗೇಜಿನಲ್ಲಿ ಮುಳ್ಳಿನ ದಪ್ಪದಷ್ಟೂ ಇಲ್ಲ. ಅದಕ್ಕೇ ಯಾರೂ ಇದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ದ್ರವ ಅಮೋನಿಯ ಹಗುರ ವಸ್ತು. ಒಂದು ಪೌಂಡ್ ಒತ್ತಡಕ್ಕೆ ನೀರು 2 ಅಡಿ 4 ಅಂಗುಲ ಎತ್ತರ ನಿಂತರೆ, 35 ಡಿಗ್ರಿಯ ಅಮೋನಿಯ ಸುಮಾರು 4 ಅಡಿ ನಿಲ್ಲುತ್ತದೆ. ಈ ಪತ್ರದಲ್ಲಿ ಒಂದೇ ಒಂದು ಸಂಗತಿಯನ್ನು ಗೋಡೆಯ ಮೇಲೆ ಬರೆದುಕೊಳ್ಳುವುದಾದರೆ ಅದನ್ನು ಬರೆದುಕೊಳ್ಳಿ: ಒಂದು ಪೌಂಡಿಗೆ ನಾಲ್ಕು ಅಡಿ.

ಈಗ ನಿಮ್ಮ ಚಾವಣಿಗೆ ಬನ್ನಿ. ಹಳೆಯ ಕಂಡೆನ್ಸರ್‌ಗೆ ಉಪ್ಪು ಕಟ್ಟಿದೆ, ಅದರೊಳಗೆ ಕಡಿಮೆ ಅನಿಲ ದ್ರವವಾಗುತ್ತದೆ, ನಷ್ಟ ಕಾಲು ಪೌಂಡ್ ಎಂದಿಟ್ಟುಕೊಳ್ಳಿ. ಹೊಸದು ಚೆನ್ನಾಗಿ ದುಡಿಯುತ್ತದೆ, ಹೆಚ್ಚು ಅನಿಲವನ್ನು ಎಳೆದುಕೊಳ್ಳುತ್ತದೆ, ಅದರ ನಷ್ಟ ಮುಕ್ಕಾಲು ಪೌಂಡ್. ಎರಡಕ್ಕೂ ಮೇಲಿನ ಒತ್ತಡ ಒಂದೇ. ಆದರೆ ಕೆಳಗೆ ಟೀಯ ಹತ್ತಿರ ಹೊಸದರ ಒತ್ತಡ ಹಳೆಯದಕ್ಕಿಂತ ಅರ್ಧ ಪೌಂಡ್ ಕಡಿಮೆ. ಕೂಡುವ ಜಾಗದಲ್ಲಿ ಎರಡು ಒತ್ತಡ ಇರಲು ಸಾಧ್ಯವಿಲ್ಲ. ಹಳೆಯದರಿಂದ ಬಂದ ಒತ್ತಡವೇ ಟೀಯಲ್ಲಿ ಗೆಲ್ಲುತ್ತದೆ. ಹೊಸದರ ದ್ರವ ಅದನ್ನು ಎದುರಿಸಿ ಕೆಳಗಿಳಿಯಬೇಕಾದರೆ ಅರ್ಧ ಪೌಂಡಿನಷ್ಟು, ಅಂದರೆ 2 ಅಡಿ, ಎತ್ತರವಾಗಿ ನಿಲ್ಲಬೇಕು. ನೀವು ಅದಕ್ಕೆ ಕೊಟ್ಟಿರುವ ಎತ್ತರ ಅರ್ಧ ಅಡಿ. ಉಳಿದ ಒಂದೂವರೆ ಅಡಿಗೆ ಅದು ಎಲ್ಲಿ ನಿಲ್ಲಬೇಕು? ಸುರುಳಿಯೊಳಗೇ ನಿಲ್ಲುತ್ತದೆ. ಅನಿಲ ದ್ರವವಾಗಬೇಕಾದ ಕೊಳವೆಗಳಲ್ಲಿ ಆಗಲೇ ದ್ರವ ತುಂಬಿಕೊಂಡರೆ ಅಷ್ಟು ಕಂಡೆನ್ಸರ್ ಇಲ್ಲದಂತೆಯೇ ಸರಿ. ದೊಡ್ಡದಾದ, ಹೊಸದಾದ, ಚೆನ್ನಾಗಿ ದುಡಿಯುವ ಕಂಡೆನ್ಸರ್‌ಗೇ ಈ ಗತಿ ಬರುತ್ತದೆ ಎಂಬುದನ್ನು ಗಮನಿಸಿ. ನಿಮ್ಮ ಹಣ ಅಲ್ಲಿ ಮುಳುಗಿದೆ, ಅಕ್ಷರಶಃ.

ರಿಸೀವರ್ ಖಾಲಿ ಕಂಡದ್ದು ಇದಕ್ಕೇ. ಅಮೋನಿಯ ಎಲ್ಲಿಗೂ ಹೋಗಿರಲಿಲ್ಲ, ಚಾವಣಿಯ ಮೇಲೆ ಸಿಕ್ಕಿಹಾಕಿಕೊಂಡಿತ್ತು. ರಾತ್ರಿ ಹೊರೆ ಇಳಿಯುತ್ತದೆ. ಅನಿಲದ ಹರಿವು ಅರ್ಧವಾದರೆ ಒತ್ತಡದ ನಷ್ಟ ಕಾಲುಭಾಗಕ್ಕೆ ಇಳಿಯುತ್ತದೆ. ಆಗ ಅರ್ಧ ಅಡಿಯ ಎತ್ತರವೇ ಸಾಕಾಗಿ, ತಡೆದು ನಿಂತಿದ್ದ ದ್ರವ, ಜೊತೆಗೆ ನೀವು ಹೊಸದಾಗಿ ತುಂಬಿದ್ದು, ಎಲ್ಲವೂ ಒಮ್ಮೆಗೇ ಕೆಳಗೆ ಬರುತ್ತದೆ. ನಿಮ್ಮ ಪತ್ರದಲ್ಲಿ ನನ್ನನ್ನು ಹೆದರಿಸಿದ್ದು ಹಗಲಿನ 215 ಪೌಂಡ್ ಅಲ್ಲ, ರಾತ್ರಿಯ ಆ ತುಂಬಿದ ರಿಸೀವರ್. ರಿಸೀವರ್ ನೂರಕ್ಕೆ 80ಕ್ಕಿಂತ ಹೆಚ್ಚು ತುಂಬಬಾರದು. ಬಿಸಿಯಾದಾಗ ದ್ರವ ಹಿಗ್ಗುತ್ತದೆ. ಹಿಗ್ಗಲು ಜಾಗವಿಲ್ಲದಿದ್ದರೆ ಉಕ್ಕನ್ನೇ ಸೀಳುತ್ತದೆ. ಇನ್ನೊಂದು ಸಿಲಿಂಡರ್ ಬೇಡ ಎಂದು ಮೊದಲ ಸಾಲಿನಲ್ಲೇ ಬರೆದದ್ದು ಇದಕ್ಕಾಗಿ.

ವಿಜಯಪುರದವರಿಗೆ ಈ ಲೆಕ್ಕವನ್ನು ಪುಸ್ತಕ ತೆರೆದು ಕಲಿಸಬೇಕಾಗಿಲ್ಲ. 1651ರಲ್ಲಿ ಮುಹಮ್ಮದ್ ಆದಿಲ್ ಶಾಹ ಬೇಗಂ ತಲಾಬ್ ಕೆರೆಯನ್ನು ಕಟ್ಟಿಸಿ, ಅಲ್ಲಿಂದ ಮಣ್ಣಿನ ಕೊಳವೆಗಳಲ್ಲಿ ಊರಿಗೆ ನೀರು ತಂದಾಗ, ದಾರಿಯುದ್ದಕ್ಕೂ ಗಂಜ್ ಎಂಬ ಎತ್ತರದ ನೀರಿನ ಗೋಪುರಗಳನ್ನು ನಿಲ್ಲಿಸಿದರು. ಕೆಲವು ಇಂದಿಗೂ ಓಣಿಗಳ ನಡುವೆ ನಿಂತಿವೆ. ಕೊಳವೆಯ ನೀರು ಗಂಜ್‌ನೊಳಗೆ ತನ್ನ ಒತ್ತಡ ಎಷ್ಟಿದೆಯೋ ಅಷ್ಟು ಮೇಲೇರಿ ನಿಲ್ಲುತ್ತಿತ್ತು; ಕೊಳವೆ ಒಡೆಯುತ್ತಿರಲಿಲ್ಲ. ಒತ್ತಡಕ್ಕೆ ಎದ್ದು ನಿಲ್ಲಲು ಜಾಗ ಕೊಡಬೇಕೆಂದು ಆ ಮೇಸ್ತ್ರಿಗಳಿಗೆ ಗೊತ್ತಿತ್ತು. ಗೋಲಗುಮ್ಮಟ ನೋಡಲು ಬಂದವರನ್ನು ನಾನು ಒಂದು ಗಂಜ್‌ನ ಮುಂದೆಯೂ ನಿಲ್ಲಿಸುತ್ತೇನೆ.

ನಿಮ್ಮ ದ್ರವಕ್ಕೂ ಅಂಥ ಜಾಗ ಬೇಕು. ಪ್ರತಿ ಕಂಡೆನ್ಸರ್‌ನ ಬಾಯಿಂದ ಒಂದು ಪ್ರತ್ಯೇಕ ಕೊಳವೆ ನೇರವಾಗಿ ಕೆಳಗಿಳಿಯಬೇಕು, ಕನಿಷ್ಠ 5 ಅಡಿ, 6 ಇದ್ದರೆ ಇನ್ನೂ ಒಳ್ಳೆಯದು. ಫಿಟ್ಟರ್‌ಗಳು ಇದನ್ನು ಡ್ರಾಪ್ ಲೆಗ್ ಎನ್ನುತ್ತಾರೆ, ನಾನು ಇಳಿಗಾಲು ಎಂದು ಬರೆಯುತ್ತೇನೆ. ಇಳಿಗಾಲಿನ ಬುಡದಲ್ಲಿ ಒಂದು ಟ್ರ್ಯಾಪ್ ಇರಬೇಕು. ಕೈ ತೊಳೆಯುವ ಬೋಗುಣಿಯ ಕೆಳಗೆ ನೀರು ನಿಲ್ಲಿಸುವ ಬಾಗು ಇರುತ್ತದಲ್ಲ, ಅದೇ. ಅದರಲ್ಲಿ ಸದಾ ದ್ರವ ನಿಂತಿರುವುದರಿಂದ ಒಂದು ಕಂಡೆನ್ಸರ್‌ನ ಅನಿಲ ಇನ್ನೊಂದರ ಕಾಲಿಗೆ ನುಗ್ಗಲಾರದು. ಟ್ರ್ಯಾಪ್ ದಾಟಿದ ಮೇಲೆ ಎರಡನ್ನೂ ಕೂಡಿಸಿ. ಆಗ ಒಂದು ಕಾಲಿನಲ್ಲಿ ದ್ರವ 1 ಅಡಿ ನಿಲ್ಲಲಿ, ಇನ್ನೊಂದರಲ್ಲಿ 3 ಅಡಿ ನಿಲ್ಲಲಿ, ಅವುಗಳ ಒತ್ತಡದ ವ್ಯತ್ಯಾಸ ಕಾಲಿನಲ್ಲೇ ತೀರುತ್ತದೆ, ಸುರುಳಿಗೆ ಏರುವುದಿಲ್ಲ.

ಸಂತೋಷದ ಸಂಗತಿಯೆಂದರೆ ಎತ್ತರ ನಿಮ್ಮಲ್ಲಿಯೇ ಇದೆ. ಚಾವಣಿಯಿಂದ ರಿಸೀವರ್‌ವರೆಗೆ 14 ಅಡಿ. ಮೇಲಿನ ಟೀಯನ್ನು ಕತ್ತರಿಸಿ, ಎರಡು ಕಾಲುಗಳನ್ನು ಬೇರೆ ಬೇರೆಯಾಗಿ ಯಂತ್ರಕೋಣೆಗೆ ಇಳಿಸಿ, ಕೂಡಿಕೆಯನ್ನು ಕೆಳಗೆ ತನ್ನಿ. ಕಂಡೆನ್ಸರ್ ಎತ್ತಬೇಕಾಗಿಲ್ಲ, ರಿಸೀವರ್‌ಗೆ ಹೊಂಡ ತೋಡಬೇಕಾಗಿಲ್ಲ. ಒಂದಿಷ್ಟು ಕೊಳವೆ, ಕೆಲವು ಬೆಂಡ್, ಒಳ್ಳೆಯ ವೆಲ್ಡರ್, ಎರಡು ಮೂರು ದಿನದ ಕೆಲಸ. ಹೊಸ ಕಂಡೆನ್ಸರ್‌ನಲ್ಲಿ ಎರಡು ಸುರುಳಿ, ಎರಡು ಬಾಯಿ ಇದ್ದರೆ ಎರಡಕ್ಕೂ ಬೇರೆ ಬೇರೆ ಕಾಲು ಕೊಡಿ. ಅಲ್ಲಿ ಜಿಪುಣತನ ಮಾಡಬೇಡಿ.

ಒಂದು ವಿಷಯ ಮರೆಯಬಾರದು. ಟ್ರ್ಯಾಪ್ ಬಂದ ಮೇಲೆ ರಿಸೀವರ್‌ನಲ್ಲಿರುವ ಅನಿಲಕ್ಕೆ ಹಿಂದಿರುಗುವ ದಾರಿ ಮುಚ್ಚಿಹೋಗುತ್ತದೆ. ಬೇಸಿಗೆಯಲ್ಲಿ ಯಂತ್ರಕೋಣೆ ಕಂಡೆನ್ಸರ್‌ಗಿಂತ ಬಿಸಿಯಾಗಿದ್ದರೆ ರಿಸೀವರ್‌ನ ದ್ರವ ಸ್ವಲ್ಪ ಸ್ವಲ್ಪವೇ ಆವಿಯಾಗಿ ಒಳಗೆ ಒತ್ತಡ ಕಟ್ಟುತ್ತದೆ, ಮೇಲಿನ ದ್ರವವನ್ನು ಇಳಿಯಗೊಡುವುದಿಲ್ಲ. ಅದಕ್ಕೆ ರಿಸೀವರ್‌ನ ನೆತ್ತಿಯಿಂದ ಒತ್ತಡವನ್ನು ಸಮ ಮಾಡುವ ಒಂದು ಈಕ್ವಲೈಸರ್ ಕೊಳವೆ ಬೇಕು. ಅದನ್ನು ಎಲ್ಲಿಗೆ ಜೋಡಿಸಬೇಕು ಎಂಬಲ್ಲಿ ಅನುಭವಿಗಳೂ ಎಡವುತ್ತಾರೆ. ಕಂಡೆನ್ಸರ್‌ನ ಕೆಳಗಿನ ಬಾಯಿಗೆ ಜೋಡಿಸಬೇಡಿ. ಹಾಗೆ ಮಾಡಿದರೆ ಕತ್ತರಿಸಿ ಎಸೆದ ಟೀಯನ್ನು ಇನ್ನೊಂದು ರೂಪದಲ್ಲಿ ಮರಳಿ ತಂದಂತೆ. ಕಂಪ್ರೆಸರ್‌ನ ಬಿಸಿ ಅನಿಲ ಎರಡು ಕಂಡೆನ್ಸರ್‌ಗೆ ಕವಲೊಡೆಯುವ ಮೊದಲೇ, ಡಿಸ್ಚಾರ್ಜ್ ಹೆಡರ್ ಎಂಬ ದೊಡ್ಡ ಕೊಳವೆಗೆ ಜೋಡಿಸಿ.

ಈ ರೋಗವನ್ನು ನಾನು ಮೊದಲು ಕಂಡದ್ದು 1986ರಲ್ಲಿ, ಬೆಳಗಾವಿಯ ಉದ್ಯಮಬಾಗದ ಕಡೆಯ ಒಂದು ಮಂಜುಗಡ್ಡೆ ಕಾರ್ಖಾನೆಯಲ್ಲಿ. ಡಿಪ್ಲೊಮಾ ಮುಗಿಸಿ ಆರು ತಿಂಗಳಾಗಿತ್ತು. ಆಗ ಅಲ್ಲಿದ್ದದ್ದು ಬಯಲು ಕಂಡೆನ್ಸರ್. ಒಂದರ ಮೇಲೊಂದು ಹನ್ನೆರಡು ಸಾಲು ಕೊಳವೆ, ಮೇಲಿನ ತೊಟ್ಟಿಯಿಂದ ನೀರು ಸಾಲಿನಿಂದ ಸಾಲಿಗೆ ತೊಟ್ಟಿಕ್ಕುತ್ತದೆ. ಅಂಥ ಎರಡು ಸ್ಟ್ಯಾಂಡ್, ಕೆಳಗೆ ಎರಡಕ್ಕೂ ಸೇರಿ ಒಂದು ಟೀ. ಮಂಜುಗಡ್ಡೆಯ ಡಬ್ಬಿಗಳು ಹೆಪ್ಪುಗಟ್ಟದೆ ಮಾಲೀಕರು ಕಂಗಾಲಾಗಿದ್ದರು. ನಾನು ಒಂದು ಸ್ಟ್ಯಾಂಡಿನ ಉಪ್ಪು, ಪಾಚಿ ಕೆರೆಸಿ ಸ್ವಚ್ಛ ಮಾಡಿಸಿದೆ. ಒತ್ತಡ ಇನ್ನೂ ಏರಿತು. ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದೆ.

ಅಲ್ಲಿ ಖಾನಾಪುರದ ಕಡೆಯ ಹಿರಿಯ ಫಿಟ್ಟರ್ ಒಬ್ಬರಿದ್ದರು. ಓದು ಬರಹ ಅಷ್ಟಕ್ಕಷ್ಟೆ. ಅವರು ಒದ್ದೆ ಕೈಯನ್ನು ಧೋತರಕ್ಕೆ ಒರೆಸಿಕೊಂಡು, ಸಾಲುಗಳ ಕೊನೆಯಲ್ಲಿ ನೀರು ಬೀಳದೆ ಹೊರಗೆ ಚಾಚಿದ್ದ ಬಾಗುಗಳಿಗೆ ಅಂಗೈಯ ಹಿಂಬದಿಯನ್ನು ಮುಟ್ಟಿಸುತ್ತ ಕೆಳಗಿನಿಂದ ಮೇಲಕ್ಕೆ ಹೋದರು. ಒಂದು, ಎರಡು, ಮೂರು, ನಾಲ್ಕು. ಐದನೆಯದಕ್ಕೆ ಕೈ ಹಿಂದೆಗೆದರು. ಸೀಮೆಸುಣ್ಣ ತೆಗೆದು ನಾಲ್ಕು ಮತ್ತು ಐದರ ನಡುವೆ ಗೂಟದ ಮೇಲೆ ಅಡ್ಡ ಗೆರೆ ಎಳೆದು, "ಇಲ್ಲಿಯವರೆಗೆ ದ್ರವ ನಿಂತಿದೆ" ಎಂದರು. ನಾನು ಕೆರೆಸಿದ್ದ ಸ್ಟ್ಯಾಂಡ್ ಅದೇ. ಕೊಳಕಾದ ಇನ್ನೊಂದರಲ್ಲಿ ಕೆಳಗಿನ ಸಾಲೂ ಬಿಸಿಯಾಗಿತ್ತು. ಅನಂತರ ಕೊಳಕು ಸ್ಟ್ಯಾಂಡಿನ ನೀರನ್ನು ಅವರು ನಿಲ್ಲಿಸಿಬಿಟ್ಟರು. ಇಪ್ಪತ್ತು ನಿಮಿಷದ ಮೇಲೆ ಮತ್ತೆ ಕೈ ಆಡಿಸಿದಾಗ ಮೊದಲ ಗೆರೆಯಿಂದ ಎರಡು ಸಾಲು ಮೇಲೆ ಇನ್ನೊಂದು ಗೆರೆ ಬಿತ್ತು. ಕೆಲಸವಿಲ್ಲದ ಕಂಡೆನ್ಸರ್‌ನಲ್ಲಿ ನಷ್ಟವೂ ಇಲ್ಲ. ಆದ್ದರಿಂದ ಅದರ ಮೂಲಕ ಪೂರ್ತಿ ಒತ್ತಡ ಟೀಗೆ ಬಂದು ದುಡಿಯುವ ಕಂಡೆನ್ಸರ್‌ನ ದ್ರವವನ್ನು ಮತ್ತಷ್ಟು ಮೇಲಕ್ಕೆ ಒತ್ತಿತು. ಆ ಎರಡು ಸೀಮೆಸುಣ್ಣದ ಗೆರೆಗಳಿಂದ ನಾನು ಕಲಿತದ್ದನ್ನೇ ಇಂದು ನಿಮಗೆ ಬರೆಯುತ್ತಿದ್ದೇನೆ.

ನೀವೂ ಪರೀಕ್ಷೆ ಮಾಡದೆ ಕೊಳವೆ ಕತ್ತರಿಸಬೇಡಿ. ಮೊದಲು ವ್ಯವಸ್ಥೆಯಲ್ಲಿ ಗಾಳಿ ಸೇರಿದೆಯೇ ನೋಡಿ, ಅದೂ ಒತ್ತಡ ಏರಿಸುತ್ತದೆ. ಬೆಳಗಿನ ಜಾವ ಕಂಪ್ರೆಸರ್ ನಿಲ್ಲಿಸಿ, ಕಂಡೆನ್ಸರ್‌ಗಳ ನೀರು ಮತ್ತು ಫ್ಯಾನ್ ಮಾತ್ರ ನಡೆಸಿ, ಮುಳ್ಳು ಒಂದೆಡೆ ನಿಲ್ಲುವವರೆಗೆ ಕಾಯಿರಿ. ಕಂಡೆನ್ಸರ್‌ನಿಂದ ಇಳಿಯುವ ದ್ರವ 30 ಡಿಗ್ರಿ ಇದ್ದರೆ ಗೇಜ್ ಸುಮಾರು 155 ಪೌಂಡ್ ತೋರಿಸಬೇಕು, 35 ಇದ್ದರೆ 182, 40 ಇದ್ದರೆ 212. ಅದಕ್ಕಿಂತ ಎಂಟು ಹತ್ತು ಪೌಂಡ್ ಹೆಚ್ಚಿದ್ದರೆ ಗಾಳಿ ಇದೆ, ಅದನ್ನು ಹೊರಹಾಕಿ. ಲೆಕ್ಕ ಸರಿ ಬಂದೂ ಮಧ್ಯಾಹ್ನದ ತೊಂದರೆ ಉಳಿದರೆ ಎರಡನೆಯ ಪರೀಕ್ಷೆ. ಹೊರೆ ಕಡಿಮೆ ಇರುವ ಸಂಜೆ, ಗೇಜಿನ ಮುಂದೆ ಒಬ್ಬರನ್ನು ನಿಲ್ಲಿಸಿ, ಹಳೆಯ ಕಂಡೆನ್ಸರ್‌ನ ಪಂಪು ಮತ್ತು ಫ್ಯಾನನ್ನು ಹದಿನೈದು ನಿಮಿಷ ನಿಲ್ಲಿಸಿ. ರಿಸೀವರ್‌ನ ಗಾಜಿನಲ್ಲಿ ಮಟ್ಟ ಸರಸರನೆ ಇಳಿದರೆ, ನಿಲ್ಲಿಸಿದ್ದನ್ನು ಮತ್ತೆ ನಡೆಸಿದಾಗ ಮರಳಿ ಬಂದರೆ, ನನ್ನ ರೋಗನಿರ್ಣಯ ಸರಿ.

ಕತ್ತರಿಸುವ ದಿನದ ಬಗ್ಗೆಯೂ ಹೇಳಬೇಕು. ನೀವು ಹೆಚ್ಚಾಗಿ ತುಂಬಿರುವ ಅಮೋನಿಯ ಮೊದಲು ಸಿಲಿಂಡರ್‌ಗಳಿಗೆ ಹೋಗಲಿ, ಅದಕ್ಕೆ ಪರವಾನಗಿ ಇರುವವರನ್ನೇ ಕರೆಸಿ. ಕೆಲಸದ ಕೊಳವೆ ಪೂರ್ತಿ ಖಾಲಿಯಾಗಿ, ನೈಟ್ರೋಜನ್ ಹಾಯಿಸಿದ ಮೇಲೆಯೇ ಬೆಂಕಿ ಹತ್ತಿರ ಬರಲಿ. ಅಮೋನಿಯ ಉರಿಯುವುದಿಲ್ಲ ಎಂಬ ಮಾತು ತಪ್ಪು. ಗಾಳಿಯಲ್ಲಿ ನೂರಕ್ಕೆ 15ರಿಂದ 28 ಭಾಗ ಸೇರಿದರೆ ಹೊತ್ತಿಕೊಳ್ಳುತ್ತದೆ. ವೆಲ್ಡಿಂಗ್ ಮುಗಿದ ಮೇಲೆ ಒತ್ತಡದ ಪರೀಕ್ಷೆಯೂ ನೈಟ್ರೋಜನ್‌ನಿಂದಲೇ ಆಗಬೇಕು. ಆಮ್ಲಜನಕದ ಸಿಲಿಂಡರ್ ಕೈಗೆ ಹತ್ತಿರವಿದೆ ಎಂದು ಅದನ್ನು ಜೋಡಿಸಿದರೆ, ಒಳಗಿನ ಎಣ್ಣೆಯ ಜೊತೆ ಸೇರಿ ಸ್ಫೋಟವಾಗುತ್ತದೆ. ಇಳಿಗಾಲಿಗೆ ಹಾಕುವ ವಾಲ್ವನ್ನು ಕಂಡೆನ್ಸರ್‌ನ ಬಾಯಿಗೆ ಅಂಟಿಸಬೇಡಿ, ಆದಷ್ಟು ಕೆಳಗಿರಲಿ. ಮಟ್ಟಸವಾದ ಕೊಳವೆಯಲ್ಲಿ ಗ್ಲೋಬ್ ವಾಲ್ವ್ ಇದ್ದರೆ ಅದರ ಹಿಡಿಯ ದಂಡ ಅಡ್ಡಲಾಗಿ ಮಲಗಿರಲಿ. ನೆಟ್ಟಗೆ ನಿಲ್ಲಿಸಿದರೆ ಅದರ ಹೊಟ್ಟೆಯೇ ದ್ರವಕ್ಕೆ ಸಣ್ಣ ಒಡ್ಡು ಆಗುತ್ತದೆ. ಎರಡು ವಾಲ್ವ್‌ಗಳ ನಡುವೆ ದ್ರವವನ್ನು ಬಂಧಿಸಿಟ್ಟು ಮನೆಗೆ ಹೋಗುವುದಂತೂ ಎಂದೂ ಬೇಡ. ಮರುದಿನದ ಬಿಸಿಲು ಆ ಕೊಳವೆಯನ್ನು ಒಡೆಯುತ್ತದೆ.

ಪ್ರಶ್ನೆ: ನಾನು ವಿಜಯಪುರದಲ್ಲಿ ಪಾಲಿಟೆಕ್ನಿಕ್ ವಿದ್ಯಾರ್ಥಿನಿ. ತರಬೇತಿಗೆ ಹೋದ ಶೈತ್ಯಾಗಾರದಲ್ಲಿ 100 ಟನ್ನಿನ ಯಂತ್ರ. ಕಂಡೆನ್ಸರ್‌ನಿಂದ ರಿಸೀವರ್‌ಗೆ ಎರಡೂವರೆ ಇಂಚಿನ ಕೊಳವೆ, ರಿಸೀವರ್‌ನಿಂದ ಮುಂದೆ ಅದಕ್ಕಿಂತ ಸಣ್ಣದು. ಎರಡರಲ್ಲೂ ಹರಿಯುವುದು ಅಷ್ಟೇ ದ್ರವವಲ್ಲವೇ?

ಉತ್ತರ: ಅಷ್ಟೇ ದ್ರವ. ಹರಿಯುವ ರೀತಿ ಬೇರೆ. ಈ ಪ್ರಶ್ನೆ ಕೇಳಿದ್ದಕ್ಕೆ ನಿಮ್ಮನ್ನು ಮೆಚ್ಚಿದೆ, ಏಕೆಂದರೆ ಬಹಳ ಜನ ನೋಡಿಯೂ ಕೇಳುವುದಿಲ್ಲ.

ಲೆಕ್ಕ ಹಾಕೋಣ. ಒಂದು ಟನ್ನಿಗೆ (ಇಲ್ಲಿ ಟನ್ ತೂಕವಲ್ಲ, ತಣಿಸುವ ಶಕ್ತಿಯ ಅಳತೆ) ನಿಮಿಷಕ್ಕೆ ಸುಮಾರು 200 ಗ್ರಾಂ ಅಮೋನಿಯ ಸುತ್ತುತ್ತದೆ. 100 ಟನ್ನಿಗೆ 20 ಕಿಲೋ, ಅಂದರೆ ಸುಮಾರು 34 ಲೀಟರ್. ರಿಸೀವರ್‌ನಿಂದ ಮುಂದೆ ಅದನ್ನು 180 ಪೌಂಡ್ ಒತ್ತಡ ತಳ್ಳುತ್ತದೆ, ಕೊಳವೆ ತುಂಬಿ ಓಡುತ್ತದೆ, ಸಣ್ಣದೇ ಸಾಕು. ಆದರೆ ಕಂಡೆನ್ಸರ್‌ನಿಂದ ರಿಸೀವರ್‌ಗೆ ತಳ್ಳುವವರು ಯಾರೂ ಇಲ್ಲ. ಎರಡೂ ಕಡೆ ಒಂದೇ ಒತ್ತಡ, ದ್ರವ ತನ್ನ ತೂಕದಿಂದಲೇ ಇಳಿಯಬೇಕು. ಹಾಗಾಗಿ ಅಲ್ಲಿ ವೇಗ ಸೆಕೆಂಡಿಗೆ ಅರ್ಧ ಮೀಟರ್ ಮೀರಬಾರದು. ಆ ವೇಗದಲ್ಲಿ 34 ಲೀಟರ್ ತುಂಬಿ ಹರಿಯಲು ಒಂದೂವರೆ ಇಂಚು ಸಾಕು. ಆದರೆ ಅದು ಊರ ಚರಂಡಿಯಂತೆ ಅರ್ಧ ಮಾತ್ರ ತುಂಬಿ ಹರಿಯಬೇಕು. ಕೆಳಗೆ ದ್ರವ ಇಳಿಯುವಾಗ ಮೇಲಿನ ಅರ್ಧದಲ್ಲಿ ರಿಸೀವರ್‌ನ ಅನಿಲ ಹಿಂದಕ್ಕೆ ಏರಬೇಕು. ಅದಕ್ಕೆ 2 ಇಂಚಿಗಿಂತ ತುಸು ಹೆಚ್ಚು ಬೇಕಾಗುತ್ತದೆ, ಪೇಟೆಯಲ್ಲಿ ಸಿಗುವ ಮುಂದಿನ ಅಳತೆ ಎರಡೂವರೆ. ಇಳಿಜಾರು ಅಡಿಗೆ ಕಾಲು ಇಂಚು. ಮುಂದಿನ ಸಲ ಹೋದಾಗ ರಸಮಟ್ಟ ತೆಗೆದುಕೊಂಡು ಹೋಗಿ ಆ ಇಳಿಜಾರನ್ನು ನೀವೇ ಅಳೆಯಿರಿ.

ತಾಮ್ರದ ಕೊಳವೆ ಏಕಿಲ್ಲ ಎಂದೂ ಕೇಳಿದ್ದೀರಿ. ತೇವ ಸೇರಿದ ಅಮೋನಿಯ ತಾಮ್ರವನ್ನೂ ಹಿತ್ತಾಳೆಯನ್ನೂ ತಿನ್ನುತ್ತದೆ. ಆದ್ದರಿಂದ ಎಲ್ಲ ಉಕ್ಕು.

ಪ್ರಶ್ನೆ: ಬೆಳಗಾವಿ ಜಿಲ್ಲೆಯ ಹಾಲಿನ ಘಟಕದಲ್ಲಿ ಆಪರೇಟರ್. ನಮ್ಮಲ್ಲಿ ಒಂದೇ ಶೆಲ್ ಅಂಡ್ ಟ್ಯೂಬ್ (ಉರುಳೆಯೊಳಗೆ ನೀರಿನ ಕೊಳವೆಗಳಿರುವ) ಕಂಡೆನ್ಸರ್, ಅದರ ನೇರ ಕೆಳಗೆ ರಿಸೀವರ್. ಈಕ್ವಲೈಸರ್‌ನ ವಾಲ್ವನ್ನು ಹಿಂದಿನವರು ಮುಚ್ಚಿಟ್ಟಿದ್ದರು. ತೆರೆಯಬೇಕೇ?

ಉತ್ತರ: ತೆರೆದಿಡಿ. ಒಂದೇ ಕಂಡೆನ್ಸರ್, ದಪ್ಪನೆಯ ಗಿಡ್ಡ ಕೊಳವೆ, ನಡುವೆ ಟ್ರ್ಯಾಪ್ ಇಲ್ಲ ಎಂದಾದರೆ ಮೇಲೆ ಹೇಳಿದ ಅರ್ಧ ತುಂಬಿದ ಹರಿವಿನಿಂದಲೇ ಕೆಲಸ ನಡೆಯುತ್ತದೆ. ಮುಚ್ಚಿದ್ದರೂ ಇಷ್ಟು ದಿನ ತೊಂದರೆ ಕಾಣದಿರುವುದಕ್ಕೆ ಅದೇ ಕಾರಣ. ಆದರೆ ತೆರೆದಿಟ್ಟರೆ ನಷ್ಟವೇನೂ ಇಲ್ಲ, ಮುಚ್ಚಿದರೆ ಉಳಿತಾಯವೂ ಇಲ್ಲ.

ಪ್ರಶ್ನೆ: ಮುಧೋಳದಲ್ಲಿ ಐಸ್ ಫ್ಯಾಕ್ಟರಿ, 50 ಟನ್ನಿನ ಯಂತ್ರ. ಬೋರ್‌ವೆಲ್ ನೀರು ಗಡಸು. ಕಂಡೆನ್ಸರ್ ಕೊಳವೆಗಳ ಮೇಲೆ ವರ್ಷಕ್ಕೆ ಎರಡು ಸಲ ಬಿಳಿಯ ಹೊರಪದರ ಕಟ್ಟುತ್ತದೆ. ಪ್ರತಿ ಸಲ ಆಮ್ಲ ಸುರಿದು ತೊಳೆಸುತ್ತೇವೆ. ಬೇರೆ ದಾರಿ ಇದೆಯೇ?

ಉತ್ತರ: ಇದೆ. ಆಮ್ಲ ಸುರಿಯುವುದನ್ನು ಮೊದಲು ನಿಲ್ಲಿಸಿ. ನಿಮ್ಮ ಕೊಳವೆಗಳಿಗೆ ಸತುವಿನ ಲೇಪವಿದೆ. ಆಮ್ಲ ಉಪ್ಪಿಗಿಂತ ಬೇಗ ಸತುವನ್ನು ತಿನ್ನುತ್ತದೆ, ಆಮೇಲೆ ಉಕ್ಕನ್ನು. ಅಮೋನಿಯಕ್ಕೂ ನಿಮ್ಮ ಕೆಲಸಗಾರರಿಗೂ ನಡುವೆ ಇರುವುದು ಆ ಉಕ್ಕೊಂದೇ.

ನಿಮ್ಮ ಊರಿನ ಸುತ್ತ ಬೆಲ್ಲ ಮಾಡುವುದನ್ನು ನೋಡಿಯೇ ಇರುತ್ತೀರಿ. ಕಡಾಯಿಯ ಕಬ್ಬಿನ ಹಾಲಿನಿಂದ ನೀರು ಆವಿಯಾಗಿ ಹೋಗುತ್ತದೆ, ಸಿಹಿ ಅಲ್ಲೇ ಉಳಿದು ಗಟ್ಟಿಯಾಗುತ್ತದೆ. ನಿಮ್ಮ ಕಂಡೆನ್ಸರ್‌ನ ತೊಟ್ಟಿಯಲ್ಲಿ ನಡೆಯುತ್ತಿರುವುದೂ ಅದೇ, ಸಿಹಿಯ ಜಾಗದಲ್ಲಿ ಸುಣ್ಣ. ಒಂದು ಟನ್ನಿಗೆ ಗಂಟೆಗೆ ಸುಮಾರು ಆರೂವರೆ ಲೀಟರ್ ನೀರು ಆವಿಯಾಗುತ್ತದೆ. 50 ಟನ್ನಿಗೆ ಗಂಟೆಗೆ 325 ಲೀಟರ್. ಅಷ್ಟೂ ನೀರಿನ ಸುಣ್ಣ ತೊಟ್ಟಿಯಲ್ಲೇ ಉಳಿಯುತ್ತದೆ. ನೀವು ಆವಿಯಾದಷ್ಟನ್ನೇ ಮತ್ತೆ ತುಂಬುತ್ತಿದ್ದೀರಿ, ಗಟ್ಟಿಯಾದ ನೀರನ್ನು ಹೊರಬಿಡುತ್ತಿಲ್ಲ. ಪಂಪಿನ ಕೊಳವೆಗೆ ಒಂದು ಸಣ್ಣ ನಲ್ಲಿ ಹಾಕಿ, ಯಂತ್ರ ನಡೆಯುವಾಗಲೆಲ್ಲ ಗಂಟೆಗೆ 160 ಲೀಟರ್ ಹೊರಗೆ ಹರಿಯಲಿ. ಆಗ ತೊಟ್ಟಿಯ ನೀರಿನ ಗಡಸು ಬೋರ್‌ವೆಲ್ ನೀರಿನ ಮೂರು ಪಟ್ಟಿಗೆ ನಿಲ್ಲುತ್ತದೆ, ಮೇಲೇರುವುದಿಲ್ಲ. ಬಕೆಟ್ ಇಟ್ಟು ಗಡಿಯಾರ ನೋಡಿ ಅಳೆಯಿರಿ, ಅಂದಾಜು ಬೇಡ. ಡೋಣಿ ನದಿಯ ಸೀಮೆಯಂಥ ಸವುಳು ನೀರಾದರೆ ಮೂರು ಪಟ್ಟೂ ಹೆಚ್ಚಾಗುತ್ತದೆ, ಅಲ್ಲಿ ನೀರನ್ನು ಮೆದುಗೊಳಿಸುವ ಯಂತ್ರವೇ ಬೇಕು. ನಿಮ್ಮ ನೀರನ್ನು ಒಮ್ಮೆ ಪ್ರಯೋಗಾಲಯಕ್ಕೆ ಕೊಟ್ಟು ನೋಡಿ.

ಪ್ರಶ್ನೆ: ನನ್ನ ಪತಿ ಅಥಣಿ ಹತ್ತಿರದ ಶೈತ್ಯಾಗಾರದಲ್ಲಿ ರಾತ್ರಿ ಪಾಳಿಯ ಆಪರೇಟರ್. ವಾರಕ್ಕೊಮ್ಮೆ ಕಂಡೆನ್ಸರ್‌ನಿಂದ ಗಾಳಿ ಬಿಡುವ ಕೆಲಸ ಇವರದೇ, ಚಾವಣಿಯ ಮೇಲೆ ಒಬ್ಬರೇ ಹೋಗುತ್ತಾರೆ. ಬೆಳಿಗ್ಗೆ ಬಂದಾಗ ಅಂಗಿ ಘಾಟು ಹೊಡೆಯುತ್ತದೆ, ಕಣ್ಣು ಕೆಂಪಾಗಿರುತ್ತವೆ. ರೂಢಿಯಾಗಿದೆ, ಏನೂ ಆಗುವುದಿಲ್ಲ ಎನ್ನುತ್ತಾರೆ. ನಿಜವೇ?

ಉತ್ತರ: ನಿಜವಲ್ಲ, ತಾಯಿ. ಮೂಗಿಗೆ ರೂಢಿಯಾಗುತ್ತದೆ, ಕಣ್ಣಿಗೂ ಶ್ವಾಸಕೋಶಕ್ಕೂ ಆಗುವುದಿಲ್ಲ. ಗಾಳಿಯ ಹತ್ತು ಲಕ್ಷ ಭಾಗದಲ್ಲಿ 300 ಭಾಗ ಅಮೋನಿಯ ಇದ್ದರೆ ಅದು ಜೀವಕ್ಕೇ ಅಪಾಯದ ಮಟ್ಟ. ಒಂದು ಲೀಟರ್ ದ್ರವ ಹೊರಬಂದರೆ ಸುಮಾರು 850 ಲೀಟರ್ ಅನಿಲವಾಗುತ್ತದೆ. ಈ ಉತ್ತರವನ್ನು ಅವರಿಗೆ ಓದಿಸಿ, ಅವರ ಮಾಲೀಕರಿಗೂ ತಲುಪಿಸಿ.

ಗಾಳಿ ಬಿಡುವುದು ಬೇಕಾದ ಕೆಲಸವೇ. ಆದರೆ ಬಯಲಿಗೆ ಬಿಡಬಾರದು. ಗಾಳಿ ಬಿಡುವ ಪರ್ಜ್ ವಾಲ್ವ್‌ಗೆ ಗಟ್ಟಿಯಾಗಿ ಬಿಗಿದ ರಬ್ಬರ್ ಕೊಳವೆಯ ತುದಿ ನೀರು ತುಂಬಿದ ದೊಡ್ಡ ಡ್ರಮ್ಮಿನ ಆಳದಲ್ಲಿರಬೇಕು. ವಾಲ್ವನ್ನು ಕೂದಲೆಳೆಯಷ್ಟು ತೆರೆಯಬೇಕು. ಬರುವುದು ಗಾಳಿಯಾದರೆ ಗುಳ್ಳೆಗಳು ಮೇಲ್ಮೈಯವರೆಗೆ ಬಂದು ಒಡೆಯುತ್ತವೆ. ಅಮೋನಿಯವಾದರೆ ಗುಳ್ಳೆ ಮೇಲೆ ಬರುವುದಿಲ್ಲ, ನೀರಿನಲ್ಲೇ ಕರಗುತ್ತ ಬಾಣಲೆಯಲ್ಲಿ ಸಾಸಿವೆ ಸಿಡಿದಂತೆ ಚಟಚಟ ಶಬ್ದ ಮಾಡುತ್ತದೆ. ಆ ಶಬ್ದ ಕೇಳಿದೊಡನೆ ವಾಲ್ವ್ ಮುಚ್ಚಬೇಕು, ಗಾಳಿ ಮುಗಿದಿದೆ. ಮುಚ್ಚಿದ ಮೇಲೆ ಕೊಳವೆಯ ತುದಿಯನ್ನು ನೀರಿನಲ್ಲೇ ಬಿಡಬಾರದು. ಒಳಗಿನ ಅಮೋನಿಯ ಕರಗುತ್ತ ನೀರನ್ನು ವಾಲ್ವ್‌ನತ್ತ ಎಳೆದುಕೊಳ್ಳುತ್ತದೆ. ಎರಡು ಕಂಡೆನ್ಸರ್ ಇದ್ದರೆ ಒಂದಾದ ಮೇಲೆ ಒಂದು, ಎರಡನ್ನೂ ಒಟ್ಟಿಗೆ ತೆರೆದಿಡುವಂತಿಲ್ಲ. ತೆರೆದರೆ ಆ ಸಣ್ಣ ಕೊಳವೆಯೇ ಎರಡನ್ನೂ ಕೂಡಿಸುವ ಟೀ ಆಗುತ್ತದೆ.

ಕಣ್ಣಿಗೆ ಪೂರ್ತಿ ಮುಚ್ಚುವ ಕನ್ನಡಕ, ಮುಖಕ್ಕೆ ಅಮೋನಿಯಕ್ಕೆಂದೇ ಮಾಡಿದ ಮಾಸ್ಕ್, ಕೈಗೆ ರಬ್ಬರ್ ಗವಸು ಇಲ್ಲದೆ ಅವರು ಆ ಏಣಿ ಹತ್ತಬಾರದು. ಗಾಳಿ ಬೀಸಿ ಬರುವ ಕಡೆಗೆ ಬೆನ್ನು ಹಾಕಿ ನಿಲ್ಲಬೇಕು. ಕಣ್ಣಿಗೆ ಸಿಡಿದರೆ ಉಜ್ಜದೆ, ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ಬಿಡದೆ ತೊಳೆದು, ನೇರವಾಗಿ ಆಸ್ಪತ್ರೆಗೆ ಹೋಗಬೇಕು. ಆದ್ದರಿಂದ ಚಾವಣಿಯ ಮೇಲೆಯೇ ಒಂದು ನಲ್ಲಿ ಇರಲೇಬೇಕು. ಈ ಕೆಲಸ ಹಗಲಿನಲ್ಲಿ, ಇಬ್ಬರು ಇದ್ದಾಗ ಮಾತ್ರ ನಡೆಯಲಿ. ಮಾಲೀಕರು ಎರಡನೆಯ ಆಳಿನ ಸಂಬಳದ ಲೆಕ್ಕ ಹೇಳಿದರೆ, ವಾರಕ್ಕೆ ಒಂದು ಗಂಟೆ ಹಗಲು ಪಾಳಿಯವರನ್ನೇ ಮೇಲಕ್ಕೆ ಕಳಿಸಿದರೆ ಸಾಕೆಂದು ನಾನು ಬರೆದಿದ್ದೇನೆ ಎಂದು ತೋರಿಸಿ. ಕಣ್ಣು ಕೆಂಪಾಗುವುದು ಇಷ್ಟು ದಿನದಿಂದ ನಡೆದಿದ್ದರೆ ಈ ವಾರವೇ ಅವರನ್ನು ಕಣ್ಣಿನ ವೈದ್ಯರ ಬಳಿ ಕರೆದುಕೊಂಡು ಹೋಗಿ. ಅಮೋನಿಯದಲ್ಲಿ ಕೆಲಸ ಮಾಡುತ್ತಾರೆ ಎಂಬುದನ್ನು ವೈದ್ಯರಿಗೆ ಮೊದಲೇ ಹೇಳಿ.